ಮೂಡಲಗಿಯಲ್ಲಿ ಅಳಿಸಿದ ಇಂಡೆಕ್ಸ್

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಗೋಕಾಕ ಠಾಣೆಗೆ ಬಂದ ಅನ್ನಪೂರ್ಣಾ ಕುರ್ಚಿ ತೋರಿಸಿದರೂ ಕೂರಲಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಶಾಖೆಗಳಿದ್ದ ಖಾಸಗಿ ರಕ್ತನಿಧಿಯೊಂದರ ವ್ಯವಸ್ಥಾಪಕಿ ಆಕೆ. ರವಿವಾರ ಮಧ್ಯಾಹ್ನ ಡೇಟಾಬೇಸಿನ ಮಾಮೂಲಿ ನಿರ್ವಹಣೆ ಮುಗಿದಿತ್ತು. ಸಂಜೆಯಿಂದ ಯಾವ ರಕ್ತ ಎಲ್ಲಿದೆ ಎಂದು ಹುಡುಕಿದರೂ ಉತ್ತರ ಬೇಗ ಬರುತ್ತಿರಲಿಲ್ಲ.

"ನಿನ್ನೆ ಸಂಜೀಕ ಹುಕ್ಕೇರಿಯಾಗ ಹಡೆದ ಹೆಣ್ಮಗಳು ಕೆಂಪವ್ವಗ ರಕ್ತಸ್ರಾವ ನಿಲ್ಲಲಿಲ್ರಿ. ಬೇಕಾದ ಗುಂಪು ಮೂಡಲಗ್ಯಾಗ ಇತ್ತು. ಅದು ಗೊತ್ತಾಗೂದ್ರಾಗ ಮುಕ್ಕಾಲ ತಾಸ ಹೋತು. ಜೀವ ಉಳದೈತಿ. ಗರ್ಭಚೀಲ ತಗದಾರ."

"ಫೋನ್ ಹಚ್ಚಲಿಲ್ಲೇನು?" ಇನ್ಸ್‌ಪೆಕ್ಟರ್ ಸಿದ್ರಾಯ ಕೇಳಿದ.

"ಯಾರಿಗೆ ಹಚ್ಚಿದ್ರೂ ಅದ ಕಂಪ್ಯೂಟರ್ ನೋಡೇ ಹೇಳಬೇಕ್ರಿ."

ಸಿದ್ರಾಯ ಎಫ್‌ಐಆರ್ ದಾಖಲಿಸಿ, ನಿರ್ವಹಣೆ ಮಾಡಿದ್ದ ಕಂಪನಿಯ ವಿಶಾಲನನ್ನು ಕರೆಸಿದ.

"ಕೆಟ್ಟಿದ್ದು ನಿಮ್ಮ ಕೈಯಾಗಲ್ಲೇನು?"

"ಅಲ್ರಿ ಸರ್. ಹೋಗೂ ಮುಂಚೆ ಹುಡುಕಿ ನೋಡಿದ್ನಿ. ಚಲೋ ಇತ್ತು."

ಇಂಟರ್ನೆಟ್ಟಿನ ತೊಂದರೆಯೂ ಅಲ್ಲ. ಹೊಸ ದಾಖಲೆಗಳು ಮೂರೂ ಶಾಖೆಗಳಿಂದ ಥಟ್ಟನೆ ಸೇರುತ್ತಿದ್ದವು. ಹುಡುಕಾಟ ಮಾತ್ರ ಎಲ್ಲೆಡೆ ತೆವಳುತ್ತಿತ್ತು. ವಿಶಾಲ ಒಳಹೊಕ್ಕು ಪರೀಕ್ಷಿಸಿದ.

"ಇಂಡೆಕ್ಸ್ ಅಳಿಸ್ಯಾರ್ರಿ. ಪುಸ್ತಕದ ಕಡೀಗಿನ ಪದಸೂಚಿ ಹರದಂಗ. ಒಂದ ಶಬ್ದಕ್ಕ ಎಲ್ಲಾ ಹಾಳಿ ತಿರುವಬೇಕು. ನಾ ಹೋದ ಮ್ಯಾಲ ಅಳಿಸ್ಯಾರ, ಮೂಡಲಗಿ ಕಂಪ್ಯೂಟರಿನಿಂದ."

ಪಂಚನಾಮೆ ಮುಗಿಸಿ ಸಿದ್ರಾಯ ಹವಾಲ್ದಾರ ಬಾಳೇಶನೊಡನೆ ಮೂಡಲಗಿಗೆ ಹೊರಟ. ಅಲ್ಲಿನ ಸಿಬ್ಬಂದಿ ಭಾಗ್ಯಾ ಒಬ್ಬಳೇ ಇದ್ದಳು.

"ನಿನ್ನೆ ಹೊರಗಿನವ್ರು ಯಾರರ ಬಂದಿದ್ರೇನವಾ?"

"ಹೊರಗಿನವ್ರು ಯಾರೂ ಇಲ್ರಿ."

"ಒಳಗಿನವ್ರು?"

"ಮಾಲಿಂಗಣ್ಣ ಬಂದಿದ್ದರಿ. ಗೋಕಾಕ ಶಾಖೆಯಂವ. ಮೊದಲ ಈ ಕಂಪ್ಯೂಟರೆಲ್ಲಾ ಅಂವನ ನೋಡ್ತಿದ್ದ. ಚಾ ತರಾಕ ನಾ ಹೊರಗ ಹೋಗಿದ್ನಿ."

ಅವನ ಹಳೆಯ ಪಾಸ್‌ವರ್ಡನ್ನು ಯಾರೂ ರದ್ದು ಮಾಡಿರಲಿಲ್ಲ.

ಸಂಜೆ ಅಂಕಲಗಿಯ ಮನೆಯಲ್ಲಿ ಮಾಲಿಂಗ ಸಿಕ್ಕ. ಓಡುವ ಯೋಚನೆಯೇ ಅವನಿಗೆ ಬಂದಂತಿರಲಿಲ್ಲ.

"ಯಾಕ ಮಾಡಿದಿ?"

"ಅದನ್ನ ಕಟ್ಟಿದಾಂವ ನಾನ್ರಿ. ಆ ಕೆಲಸ ಕಂಪನಿಗೆ ಕೊಟ್ಟ ಮ್ಯಾಲ ನನ್ನನ್ನ ಸಾಮಾನ ಇಡೂ ಖೋಲಿ ಕೆಲಸಕ್ಕ ಹಾಕಿದ್ರು. ಕೆಟ್ರ ನನ್ನ ಕರೀತಾರ, ಹೋಗಿ ಸರಿ ಮಾಡಿದ್ರಾತು ಅನ್ಕೊಂಡಿದ್ನಿ. ಯಾರೂ ಕರೀಲಿಲ್ಲ."

"ಹುಕ್ಕೇರಿ ಸುದ್ದಿ ಗೊತ್ತಾಗಿತ್ತೇನು?"

"ನಿನ್ನೆ ಸಂಜೀಕನ ಗೊತ್ತಾಗಿತ್ರಿ. ಆವಾಗರ ನಾನ ಹೇಳಬೇಕಿತ್ತು. ಕರೀಲಿ ಅಂತ ಕುಂತ್ನಿ."

ಬಾಳೇಶ ಬಂಧನದ ಕಾಗದಕ್ಕೆ ಸಹಿ ಮಾಡಿಸಿಕೊಂಡ. ಕೆಂಪವ್ವನದು ಮೊದಲ ಹೆರಿಗೆ ಎಂದು ಹೇಳಬೇಕೆನಿಸಿತು ಸಿದ್ರಾಯನಿಗೆ. ಹೊರಗೆ ಬಂದು ಜೀಪಿನ ಬಾಗಿಲು ತೆರೆದ.

ದಾರಿಯಲ್ಲಿ ಮಾಲಿಂಗ ಒಮ್ಮೆ ಮಾತ್ರ ಬಾಯಿ ಬಿಟ್ಟ.

"ಈಗ ಸರಿ ಆಗೇತೇನ್ರಿ?"

"ಮಧ್ಯಾಹ್ನಕ್ಕ ಆತು. ವಿಶಾಲ ಮಾಡಿದ."

ಮಾಲಿಂಗ ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದ.