ವಕೀಲರಿಗೆ ಒಪ್ಪಿಸಿದ ಸೀರೆ

ನೇಕಾರ ಸಾಯಣ್ಣ ಸಾಯುವ ಮುನ್ನ ಮಕ್ತಲ್‌ನ ವಕೀಲ ಅಯ್ಯಣ್ಣ ಅವನ ಕೈ ಹಿಡಿದು ಮಾತು ಕೊಟ್ಟಿದ್ದರು: "ನಿನ್ನ ಹೆಂಡ್ತಿ ಮಗ್ಗ ಮನಿ ಹೊಸ್ತಿಲಾ ದಾಟಾಕ ನಾ ಬಿಡಾಂಗಿಲ್ಲ." ಅದಾಗಿ ಎಷ್ಟೋ ವರ್ಷ.

ನಿಜಾಮರ ಸರ್ಕಾರದ ಲೆಕ್ಕದಲ್ಲಿ ಫಸಲಿ ವರ್ಷ ೧೩೪೭, ಬಹಮನ್ ತಿಂಗಳ ಐದನೆಯ ದಿನ ಬೆಳಿಗ್ಗೆ ಸಾಯಣ್ಣನ ವಿಧವೆ ಸುಗುಣಮ್ಮ ಮಕ್ತಲ್ ಠಾಣೆಗೆ ಬಂದಳು. ಠಾಣೆಯ ಮುಖ್ಯಸ್ಥ ಅಮೀನ್ ಖಂಡಪ್ಪ ಅವಳನ್ನು ಕೂರಿಸಿ ಕೇಳಿದ.

"ಏನವ್ವಾ?"

"ಅಯ್ಯಣ್ಣ ವಕೀಲ್ರ ಮ್ಯಾಲ ದಾವಾ ಹಾಕಬೇಕ್ರಿ."

"ಅದು ಕೋರ್ಟಿನ ಕೆಲಸ. ಬ್ಯಾರೆ ವಕೀಲ್ರನ್ನ ಹಿಡಿ."

"ಹಿಡಿದು ನೋಡಿದ್ನಿರಿ. ಒಬ್ರಿಗೆ ಹೊಟ್ಟಿನೋವು, ಒಬ್ರಿಗೆ ಊರಿಗೆ ಹೋಗೋದೈತಿ. ಅಯ್ಯಣ್ಣನೋರ ಹೆಸರು ಹೇಳಿದ್ರ ಸಾಕು, ಎಲ್ಲಾರಿಗೂ ಬ್ಯಾನಿ ಬರ್ತಾವು."

ಬಾಗಿಲಲ್ಲಿದ್ದ ಜವಾನ ಹನುಮಂತು ನಗು ತಡೆಯಲು ಕೆಮ್ಮಿದ.

ನಾರಾಯಣಪೇಟೆಯ ಸಾಹುಕಾರನೊಬ್ಬ ಅವಳ ಮೇಲೆ ಖಟ್ಲೆ ಹೂಡಿದ್ದ. ತಾನು ಕೊಟ್ಟ ರೇಷ್ಮೆ ಮುಚ್ಚಿಟ್ಟುಕೊಂಡು ನಕಲಿ ರೇಷ್ಮೆ ನೇಯ್ದಳೆಂದು ಸೀರೆಯನ್ನು ಹಿಂದಕ್ಕೆ ಎಸೆದಿದ್ದ. ಆ ಹಸಿರು ಸೀರೆಯೇ ಅವಳಿಗಿದ್ದ ಒಂದೇ ಪುರಾವೆ. ಅದನ್ನು ಅಯ್ಯಣ್ಣನವರಿಗೆ ಒಪ್ಪಿಸಿದ್ದಳು. ವಿಚಾರಣೆಗೆ ಕರೆದ ಪೇಶಿಯ ದಿನ ಸೀರೆಯೂ ಬರಲಿಲ್ಲ, ವಕೀಲರೂ ಬರಲಿಲ್ಲ. ತೀರ್ಪು ಸಾಹುಕಾರನ ಕಡೆಗಾಯಿತು. ಬರುವ ವಾರ ಮಗ್ಗ ಜಪ್ತಿ.

ಒಪ್ಪಿಸಿದ ವಸ್ತು ಕಾಣೆಯಾದರೆ ಅದು ಠಾಣೆಯ ಕೆಲಸ; ಖಂಡಪ್ಪ ಫಿರ್ಯಾದು ಬರೆದುಕೊಂಡ. ಅವನಿಗೆ ಮನಸ್ಸಿರಲಿಲ್ಲ. ಬಡವರ ಖಟ್ಲೆ ನಡೆಸಿ ನಡೆಸಿ ತಾವೂ ಬಡವರಾದ ಮನುಷ್ಯ ಅಯ್ಯಣ್ಣ.

ಮಧ್ಯಾಹ್ನ ಇಬ್ಬರು ಪಂಚರ ಮುಂದೆ ವಕೀಲರ ಮನೆಯ ಪಂಚನಾಮೆ ನಡೆಯಿತು. ಸೀರೆ ಕಳುವಾಗಿದೆ ಎಂದರು ಅಯ್ಯಣ್ಣ. ಅದನ್ನಿಟ್ಟಿದ್ದ ಪೆಟ್ಟಿಗೆಯ ಬೀಗ ಮುರಿಯದೆ ಗಟ್ಟಿಯಾಗಿತ್ತು.

"ಬೀಗದ ಕೈ ಎಲ್ಲಿರ್ತೈತ್ರಿ?"

"ನನ್ನ ಉಡದಾರದಾಗ."

"ಹಂಗಾರ ಕಳ್ಳ ನಿಮ್ಮ ಉಡದಾರ ಬಿಚ್ಚಿ, ಮತ್ತ ಕಟ್ಟಿ ಹೋದ್ನೇನ್ರಿ?"

ಇಡೀ ಆಯುಷ್ಯ ಸಾಕ್ಷಿಗಳನ್ನು ಪ್ರಶ್ನೆ ಕೇಳಿ ಬೆವರಿಳಿಸಿದ್ದ ವಕೀಲರು ಬೀಗದ ಕೈ ಬಿಚ್ಚಿ ಅವನ ಮುಂದಿಟ್ಟರು. "ತನಿಖಾ ಮಾಡು ಖಂಡಪ್ಪ. ಅದು ನಿನ್ನ ಕೆಲಸ."

ಹೊರಬರುವಾಗ ಖಂಡಪ್ಪನಿಗೆ ಅಂಗಳದಲ್ಲಿ ಹಸಿರು ಬಳೆಚೂರು ಕಂಡವು. ಹೆಂಡತಿ ತೀರಿದ ಮನೆಯಲ್ಲಿ ಬಳೆ ಯಾರದು? ಪಕ್ಕದ ಮನೆಯ ಮಹಾಂತಮ್ಮನನ್ನು ಕೇಳಿದ.

"ಬಳಿಗಾರ ಬಂದಿದ್ನಲ್ರೀ, ವಕೀಲ್ರು ಬಳಿ ಕೊಂಡ್ರು. ಮಗಳು ವೀರಬಸಮ್ಮನ ಕುಬಸ. ಗದ್ವಾಲಕ್ಕ ಆಕಿ ಅತ್ತಿಮನಿಗೆ ತಾವ ಒಯ್ದು ಮಾಡಿ ಬಂದ್ರು."

ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಬಸುರಿಗೆ ಉಡಿಸುವುದು ಹಸಿರು ಸೀರೆ. ಖಂಡಪ್ಪ ಮರುದಿನವೇ ಹರಿಗೋಲಿನಲ್ಲಿ ಕೃಷ್ಣೆ ದಾಟಿ ಗದ್ವಾಲಕ್ಕೆ ಹೋದ.

ವೀರಬಸಮ್ಮ ಮಜ್ಜಿಗೆ ಕೊಟ್ಟು, ಕೇಳುವ ಮೊದಲೇ ಉಟ್ಟಿದ್ದ ಹಸಿರು ಸೀರೆಯ ಸೆರಗು ಹಿಡಿದು ತೋರಿಸಿದಳು. "ನೋಡ್ರಿ ಕಾಕಾ, ಅಪ್ಪಾಜಿ ಉಡಿಸಿದ್ದು! ವಕೀಲ್ರ ಮನಿಯಿಂದ ಒಂದು ಛಲೋ ಸೀರಿ ಬರಲಿಲ್ಲ ಅಂತಿದ್ದ ನಮ್ಮತ್ತಿ ಈಗ ಓಣಿಗೆಲ್ಲ ಹೇಳ್ಕೋಂತ ತಿರಗ್ತಾಳ."

ಖಂಡಪ್ಪ ಮಜ್ಜಿಗೆ ಕುಡಿದು ಎದ್ದ. ಕುಬಸಕ್ಕೆ ಉಡಿಸಿದ್ದನ್ನು ಹಡೆಯುವ ಮೊದಲು ಹಿಂದಕ್ಕೆ ಕೇಳಬಾರದು, ಹೊಟ್ಟೆಯ ಕೂಸಿಗೆ ಕೇಡು. ಆ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ. ಪೊಲೀಸನೂ ಕೇಳಲಿಲ್ಲ.

ಬಹಮನ್ ಎಂಟರಂದು ಅವನು ವಕೀಲರೆದುರು ಕೂತ.

"ಯಾಕ್ರಿ ಹಿಂಗ ಮಾಡಿದ್ರಿ?"

"ಒಂದಿನ ಉಡಿಸಿ, ಸಂಜಿಕಿ ಬ್ಯಾರೆ ಕೊಟ್ಟು ಇದನ್ನ ಮಡಚಿ ತರೋಣಂತ ಹೋದೆ. ಆಕಿ ಅದನ್ನುಟ್ಟು ನಕ್ಕಳೋ. ತಾಯಿ ಹೋದಮ್ಯಾಲ ಹಂಗ ನಕ್ಕಿದ್ದು ನೋಡಿದ್ದಿಲ್ಲ. ಯಾವ ಬಾಯಿಲೆ ಹೊಳ್ಳಿ ಕೇಳ್ಲಿ?"

"ಸುಗುಣಮ್ಮನ ಮಗ್ಗ?"

ಅಯ್ಯಣ್ಣ ಕಪ್ಪು ಕೋಟು ತೆಗೆದು ಗೂಟಕ್ಕೆ ಹಾಕಿದರು. "ಬರಕೋ. ಮುನ್ಸೀಫರು ಖಟ್ಲೆ ಮತ್ತ ತೆಗಿಯಾಕ ಬೇಕು, ಹಂಗ ಬರಿ. ಅಲ್ಲಲ್ಲ, ಹಂಗಲ್ಲೋ ಮಾರಾಯ, ಕೊಡಿಲ್ಲಿ, ನಾನ ಬರೀತೀನಿ."

ತಮ್ಮ ತಪ್ಪೊಪ್ಪಿಗೆಯನ್ನು ತಾವೇ ಅಚ್ಚುಕಟ್ಟಾಗಿ ಬರೆದು ಸಹಿ ಹಾಕಿದರು. ಒಪ್ಪಿಸಿದ ವಸ್ತುವಿನಲ್ಲಿ ನಂಬಿಕೆ ಕೆಡಿಸಿದ ಆರೋಪದ ಮೇಲೆ ಅವರ ದಸ್ತಗಿರಿಯಾಯಿತು. ಹನುಮಂತು ಬೇಡಿ ತರಲು ಹೋದವನು ಮತ್ತೆ ಬರಲೇ ಇಲ್ಲ. ಖಂಡಪ್ಪನೂ ಕರೆಯಲಿಲ್ಲ.

ಸುದ್ದಿ ಕೇಳಿ ಸುಗುಣಮ್ಮ ಠಾಣೆಗೆ ಬಂದಳು. ಬಂದವಳೇ ಅಂದಳು: "ಬಸುರಿ ಮೈಮ್ಯಾಗಿಂದು ಬಿಚ್ಚಿಸಬ್ಯಾಡ್ರಿ. ಕೋರ್ಟಿಗೆ ಉಟ್ಕೊಂಡ ಬರಲಿ. ರೇಷ್ಮಿ ಇರೋದು ಅಂಚು, ಸೆರಗಿನಾಗ. ಸೆರಗು ಹಾಸಿದ್ರ ಸಾಕು."

ಜಪ್ತಿಯ ದಿನ ಬರುವ ಮೊದಲೇ ನಾರಾಯಣಪೇಟೆಯ ಕೋರ್ಟಿನಲ್ಲಿ ವೀರಬಸಮ್ಮನಿಗೆ ಕುರ್ಚಿ ಹಾಕಿಸಿದರು. ಅವಳ ಕಣ್ಣು ಅತ್ತು ಊದಿತ್ತು. ಸೆರಗು ಮೇಜಿನ ಮೇಲೆ ಹರಡಿತು. ಸೆರಗಿನ ತುದಿಯ ಕುಚ್ಚಿನಿಂದ ಒಂದೆಳೆ ತೆಗೆದು ಸುಟ್ಟಾಗ ಕೂದಲು ಸುಟ್ಟ ವಾಸನೆ ಬಂತು. ಅಪ್ಪಟ ರೇಷ್ಮೆ. ಮುನ್ಸೀಫರು ಹಳೆಯ ತೀರ್ಪು ರದ್ದು ಮಾಡಿದರು.

"ಇದು ನಿಮ್ಮದಂತ, ಯವ್ವಾ," ಎಂದಳು ವೀರಬಸಮ್ಮ.

"ನಾ ನೇದಿದ್ದು, ನೀ ಉಟ್ಟಿದ್ದು. ಹಡದು ಬಾ, ಆಮ್ಯಾಲ ಜಗಳಾಡೋಣು."

ಅಯ್ಯಣ್ಣ ಮೂರು ತಿಂಗಳು ಜೈಲಿಗೆ ಹೋದರು. ವಕೀಲಿ ಮಾಡುವ ಪರವಾನಗಿಯ ಸನದೂ ಹೋಯಿತು. ಮಗಳನ್ನು ಅತ್ತೆಮನೆಯಲ್ಲಿ ಒಮ್ಮೆ ತಲೆಯೆತ್ತಿ ನಿಲ್ಲಿಸಬೇಕೆಂಬ ಆಸೆಯೊಂದೇ ಅವರ ಕೈಯಿಂದ ಇದನ್ನು ಮಾಡಿಸಿದ್ದೆಂದು ಖಂಡಪ್ಪ ವರದಿಯಲ್ಲಿ ಬರೆದ.

ಮಗ್ಗ ಹೊಸ್ತಿಲು ದಾಟಲಿಲ್ಲ. ಸಾಯಣ್ಣನಿಗೆ ಕೊಟ್ಟ ಮಾತು ನಡೆಯಿತು.