ಟಿಕೆಟ್ ಇಲ್ಲದ ಕಾವ್ಯಶ್ರೀ

"ಟಿಕೆಟ್ ತೋರಿಸಿ."

ಚೆಕಿಂಗ್‌ನವನ ಕೈ ಕಾವ್ಯಶ್ರೀಯ ಮುಖದ ಮುಂದಿತ್ತು. ಬಸ್ಸಿಗೆ ಬಸ್ಸೇ ಅವಳತ್ತ ತಿರುಗಿತ್ತು. ಅವಳ ಮುಷ್ಟಿಯಲ್ಲಿ ಚಿಲ್ಲರೆ ಇತ್ತು, ಟಿಕೆಟ್ ಇರಲಿಲ್ಲ.

ಇಳಿಯುವಾಗ ಕೊಡುವುದಲ್ಲವಾ ಎಂದು ತೊದಲಿದಳು. ಚೆಕಿಂಗ್‌ನವನು ಹುಬ್ಬೇರಿಸಿದ. ಅಷ್ಟರಲ್ಲಿ ಹಿಂದಿನಿಂದ ಹೊಸ ಕಂಡಕ್ಟರ್ ಬಂದ.

"ನನ್ನ ತಪ್ಪು ಸರ್. ಅವ್ರು ಕೇಳಿದ್ರು, ನಾನ ಕೊಟ್ಟಿಲ್ಲ."

ಹಸಿ ಸುಳ್ಳು! ಅವಳು ಕೇಳಿಯೇ ಇರಲಿಲ್ಲ.

ಇನ್ನೊಮ್ಮೆ ಹೀಗಾದರೆ ಕೆಲಸ ಬಿಟ್ಟು ಮನೆಗೆ ಹೋಗು ಎಂದು ಎಲ್ಲರೆದುರು ಕಂಡಕ್ಟರ್‌ಗೆ ಬೈದು ಚೆಕಿಂಗ್‌ನವನು ಇಳಿದುಹೋದ. ಅವಳಿಗೆ ಕೃತಜ್ಞತೆ ಹುಟ್ಟಬೇಕಿತ್ತು, ಹುಟ್ಟಿದ್ದು ಅನುಮಾನ. ಗುರುತಿಲ್ಲದ ಗಂಡಸು ನನಗೋಸ್ಕರ ಯಾಕೆ ಬೈಸಿಕೊಂಡ? ಇದರ ಹಿಂದೆ ಏನೋ ಇದೆ...

ಅನುಮಾನಕ್ಕೆ ಕಾರಣವೂ ಇತ್ತು ಅನ್ನಿ. ಅದು ತೊಂಬತ್ತೊಂಬತ್ತನೇ ಇಸವಿ. ಸಿದ್ದಾಪುರದಿಂದ ಅವಳ ಊರು ಕಾನಸೂರಿನ ಮೇಲೆ ಶಿರಸಿಗೆ ಓಡುತ್ತಿದ್ದ 'ವನಗೌರಿ' ಬಸ್ಸಿಗೆ ಮೊನ್ನೆಮೊನ್ನೆಯವರೆಗೂ ಅವಳ ಅಣ್ಣ ಮಂಜನೇ ಕಂಡಕ್ಟರ್ ಆಗಿದ್ದ. ದಿನಾ ಹೋಗುವವರಿಗೆ ಅದರಲ್ಲಿ ಟಿಕೆಟ್ ಎಂಬುದೇ ಇರಲಿಲ್ಲ. ಇಳಿಯುವಾಗ ಮಂಜನ ಕೈಗೆ ಹಣ ಕೊಟ್ಟು ಇಳಿಯುತ್ತಿದ್ದರು.

ಧಣಿ ಬಸ್ಸನ್ನೂ ಪರ್ಮಿಟ್ಟನ್ನೂ ಹುಬ್ಬಳ್ಳಿಯ ಕಂಪನಿಯೊಂದಕ್ಕೆ ಮಾರಿಬಿಟ್ಟ. ಮಂಜ ಮನೆಯಲ್ಲಿ ಕೂತ, ಅವನ ಜಾಗಕ್ಕೆ ದಾಸನಕೊಪ್ಪದ ಕಿರಣ ಬಂದ. ಹತ್ತಿದ ಕೂಡಲೇ ಟಿಕೆಟ್ ತೆಗೆಯಬೇಕೆಂದು ಕಂಪನಿ ಹೇಳಿತೇನೋ ಸರಿ, ಕಾನಸೂರಿನವರ ಅಭ್ಯಾಸ ಹೋಗಬೇಕಲ್ಲ!

ಚೆಕಿಂಗ್‌ನ ವಿಷಯ ಕೇಳಿ ಮಂಜ ಹೇಳಿದ, "ಸುಮ್ನೆ ಯಾರಾದ್ರೂ ಸುಳ್ಳು ಹೇಳ್ತಾರನೆ? ನಾಳೆ ಅದನ್ನೇ ಹಿಡಕಂಡು ನಿನ್ ಹಿಂದೆ ಬರ್ತಾನೆ, ನೋಡ್ತಿರು."

ಅವಳು ನೋಡುತ್ತಲೇ ಇದ್ದಳು. ಶಿರಸಿಯ ಹೊಲಿಗೆ ಅಂಗಡಿಗೆ ದಿನಾ ಅದೇ ಬಸ್ಸಿನಲ್ಲಿ ಹೋಗುವವಳು, ನೋಡದೆ ಏನು ಮಾಡಿಯಾಳು? ಬಸ್ಸು ಹೊರಟ ಕೂಡಲೇ ಕಿರಣ ಮೊದಲು ಅವಳ ಸೀಟಿಗೇ ಬರುತ್ತಿದ್ದ. ಟಿಕೆಟ್ ಕೊಟ್ಟು, ಮುಖವನ್ನೂ ನೋಡದೆ ಮುಂದೆ ಹೋಗುತ್ತಿದ್ದ. ಹೆಂಗಸರು ಮುಸಿಮುಸಿ ನಗುತ್ತಿದ್ದರು.

ನಾಟಕ ಎಂದು ಹಲ್ಲು ಕಚ್ಚುತ್ತಿದ್ದಳು. ಆದರೆ ಅವನು ಸ್ವಲ್ಪ ತಡಮಾಡಿದರೆ ಕತ್ತು ತಿರುಗಿಸಿ ಹುಡುಕುತ್ತಿದ್ದವಳೂ ಅವಳೇ!

ಒಂದು ಬೆಳಿಗ್ಗೆ ಅವಳು ದೋಸೆ ಹುಯ್ಯುತ್ತಿದ್ದಾಗ ಮಂಜ ಹತ್ತಿರ ಬಂದು ಪಿಸುಗುಟ್ಟಿದ. ನಾಳೆ ಊರಿನವರು ಯಾರೂ ಟಿಕೆಟ್ ತೆಗೆಯುವುದಿಲ್ಲವಂತೆ. ಚೆಕಿಂಗ್‌ನವನಿಗೂ ಸುದ್ದಿ ಮುಟ್ಟಿಸಿದ್ದಾನಂತೆ. ಕಿರಣನ ಕೆಲಸ ಹೋದರೆ ಕಂಪನಿ ತನ್ನನ್ನೇ ಕರೆಯುತ್ತದೆ, ನೀನೂ ತೆಗೆಯಬೇಡ ಎಂದ. ಕಾವಲಿಯ ಮೇಲಿನ ದೋಸೆ ಸೀದುಹೋಯಿತು.

ಆ ಸಂಜೆ ಶಿರಸಿ ನಿಲ್ದಾಣದಲ್ಲಿ ಖಾಲಿ ಬಸ್ಸಿನ ಬಾಗಿಲಿಗೆ ಒರಗಿದ್ದ ಕಿರಣನ ಎದುರು ಹೋಗಿ ನಿಂತಳು.

"ಆವತ್ತು ಎಂತಕ್ಕೆ ಸುಳ್ಳು ಹೇಳಿದ್ರಿ?"

ಈಗ ಬೆಣ್ಣೆ ಹಚ್ಚುತ್ತಾನೆ ಎಂದುಕೊಂಡಳು.

"ಹೆದರಿ ಹೇಳಿದೆ ರಿ," ಎಂದ ಕಿರಣ. "ನೀವು ಮಂಜಣ್ಣನ ತಂಗಿ ಅಂತ ಗೊತ್ತಿತ್ತು. ನನ್ನ ಸಿಗಿಸಾಕ ಬಂದೀರಿ ಅನ್ಕೊಂಡೆ. ನಿಮ್ಮನ್ನ ಇಳಿಸಿದ್ರ ಊರವರು ಬಸ್ ತಡೀತಿದ್ರು."

"ಮತ್ತೆ ದಿನಾ ನಂಗೇ ಮೊದಲು ಟಿಕೆಟ್?"

"ಮೊದ್ಲು ಹೆದರಿಕಿಗೆ..." ಅವನ ಕಿವಿ ಕೆಂಪಾಯಿತು. "ಈಗ ಹಂಗಲ್ರಿ."

ಅವಳಿಗೆ ನಗು ಬಂತು, ಅಳುವೂ ಬಂತು. ತಾನು ಅವನನ್ನು ಅನುಮಾನಿಸಿದರೆ ಅವನು ತನ್ನನ್ನೇ ಅನುಮಾನಿಸಿದ್ದ! ಜಂಬ ಕೊಚ್ಚಿಕೊಳ್ಳದೆ ಹೆದರಿದೆ ಎಂದನಲ್ಲ... ನಾಳೆಯ ವಿಷಯ ನಾಲಿಗೆಯ ತುದಿಗೆ ಬಂತು. ಅಣ್ಣನ ಮುಖವೂ ನೆನಪಾಗಿ ಹೇಳದೆ ಹೋದಳು.

ಮರುದಿನ ಬಸ್ಸು ಕಾನಸೂರು ಬಿಟ್ಟಿತು. ಕಿರಣ ಟಿಕೆಟ್ ಕೇಳುತ್ತ ಬಂದರೆ, ಇಳಿಯುವಾಗ ಕೊಡುತ್ತೇವೆ ಎಂದು ಒಬ್ಬೊಬ್ಬರೂ ಕಿಟಕಿಯ ಹೊರಗೆ ನೋಡಿದರು. ಹಿಂದಿನ ಸೀಟಿನಲ್ಲಿ ಮಂಜ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಕಿರಣನ ಮುಖ ಬಿಳಚಿಕೊಂಡಿತು. ಅವನು ಕಾವ್ಯಶ್ರೀಯನ್ನು ನೋಡಿದ. ನೀವೂನಾ ಎಂಬಂತಿತ್ತು ಆ ನೋಟ.

ಅವಳು ಎದ್ದು ನಿಂತಳು.

"ಆವತ್ತು ತಪ್ಪು ನಂದು. ನಾ ಟಿಕೆಟ್ ಕೇಳೇ ಇರ್ಲಿಲ್ಲ, ಇವ್ರು ಬೈಸ್ಕಂಡ್ರು. ಬಸ್ ಮಾರಿದ್ದು ಇವ್ರಲ್ಲ ಅಣ್ಣಾ, ನಿನ್ನ ಧಣಿ. ಎಲ್ಲ ಟಿಕೆಟ್ ತಗಳಿ. ನಂಗೆ ಎರಡು ಕೊಡಿ."

ತರಕಾರಿ ಬುಟ್ಟಿಯ ನಾಗಿ ಮೊದಲು ದುಡ್ಡು ಹಿಡಿದು ಕೈ ಚಾಚಿದಳು. ಆಮೇಲೆ ಪಕ್ಕದವರು, ಅವರ ಹಿಂದಿನವರು... ಶಿರಸಿಯ ಹತ್ತಿರ ಚೆಕಿಂಗ್‌ನವನು ಹತ್ತಿದಾಗ ಟಿಕೆಟ್ ಇಲ್ಲದೆ ಉಳಿದವನು ಮಂಜ ಒಬ್ಬನೇ. ಕಾವ್ಯಶ್ರೀ ಎರಡನೆಯ ಟಿಕೆಟ್ ಅಣ್ಣನ ಕೈಗಿಟ್ಟಳು. ಅವನು ತಲೆ ಎತ್ತದೆ ಅದನ್ನೇ ತೋರಿಸಿ, ಶಿರಸಿಯಲ್ಲಿ ಇಳಿದುಹೋದ.

ಬಸ್ಸು ಖಾಲಿಯಾಯಿತು.

"ನಿಮ್ಮಣ್ಣ ಇನ್ನ ಮನಿಗೆ ಸೇರಿಸ್ತಾನೇನ್ರಿ?" ಕಿರಣ ಮೆಲ್ಲಗೆ ಕೇಳಿದ.

"ಬೈತಾನೆ. ಸಿಟ್ಟು ತಣ್ಣಗಾದ ಮೇಲೆ ನೀವೇ ಮನೆಗೆ ಬಂದು ಮಾತಾಡಿ." ಅವಳ ಕಣ್ಣು ತುಂಬಿತ್ತು.

"ಅಂದ್ರ... ಈಗ ನನ್ನ ಮ್ಯಾಲೆ ನಂಬಿಕಿ ಬಂತು?"

"ಪೂರ್ತಿ ಬಂದಿಲ್ಲ," ಎಂದಳು. "ಅದಕ್ಕೇ ಜನ್ಮ ಇಡೀ ಪಕ್ಕದಲ್ಲೇ ಇದ್ದು ನೋಡ್ಬೇಕು ಅಂತ ಮಾಡಿದೀನಿ."

"ನೋಡ್ರಿ," ಎಂದ ಕಿರಣ. ಅವನ ಕಿವಿ ಮತ್ತೆ ಕೆಂಪಾಗಿತ್ತು.