ಬಿಳಿ ಪಾತಿಯ ನಡುವೆ ನೇರಳೆ

"ಯಾರ ಕೆಲಸ ಇದು?"

ತೋಟದ ಮೇಸ್ತ್ರಿಯ ದನಿಗೆ ಕೆಲಸದ ಹುಡುಗಿಯ ಕೈಯಲ್ಲಿದ್ದ ನೀರಿನ ಪೈಪು ಜಾರಿತು. ಬಿಳಿ ಐರಿಸ್ ಹೂಗಳ ಪಾತಿಯ ನಟ್ಟನಡುವೆ ಒಂದೇ ಒಂದು ನೇರಳೆ ಹೂವು, ಯಾರ ಹಂಗೂ ಇಲ್ಲದೆ ಅರಳಿ ನಿಂತಿತ್ತು.

ತೀರಿಹೋದ ಗಂಡನ ನೆನಪಿಗೆಂದು ತೋಟದ ಒಡತಿ ಡಾಕ್ಟರಮ್ಮ ಬೆಳೆಸಿದ ಪಾತಿ ಅದು. ಅಲ್ಲಿ ಬಿಳಿ ಬಿಟ್ಟು ಬೇರೆ ಬಣ್ಣ ಕೂಡದು.

"ಹೋದ ವರ್ಷ ಖಾಲಿ ಜಾಗಕ್ಕೆ ಗೆಡ್ಡೆ ಕತ್ತರಿಸಿ ನೆಟ್ಟೋಳು ನೀನೇ ತಾನೆ? ಬೇರೆ ಗೆಡ್ಡೆ ಬೆರೆಸಿಬಿಟ್ಟಿದೀಯ."

"ಇಲ್ಲ... ಒಂದೊಂದನ್ನೂ ನೋಡಿಯೇ ನೆಟ್ಟೆ."

"ಹಾಗಾದ್ರೆ ಇದೇನು ಆಕಾಶದಿಂದ ಉದುರಿತಾ?"

ಅವಳು ಜಾರಿದ ಪೈಪನ್ನು ಎತ್ತಿಕೊಂಡಳು. ಎರಡು ವರ್ಷದಿಂದ ಅವನ ಒಂದು ಒಳ್ಳೆಯ ಮಾತಿಗೆ ಕಾದಿದ್ದಳು, ಹುಚ್ಚಿ. ಸಿಕ್ಕಿದ್ದು ಇದು!

ಡಾಕ್ಟರಮ್ಮ ಬೈಯಲಿಲ್ಲ. "ಈ ತಿಂಗಳ ಕೊನೆಗೆ ಬೇರೆ ಕೆಲಸ ನೋಡ್ಕೋಮ್ಮ" ಎಂದರು, ಅಷ್ಟೇ. ಮೇಸ್ತ್ರಿ ನೆಲ ನೋಡುತ್ತ ನಿಂತಿದ್ದ.

'ಕೈತಪ್ಪಿ ನಾನೇ ಬೆರೆಸಿದೆನಾ? ಮನೇಲಿ ಅಮ್ಮನಿಗೆ ಏನಂತ ಹೇಳಲಿ?' ಅತ್ತೂ ಅತ್ತೂ ಅವಳಿಗೆ ತನ್ನ ಕೈಯ ಮೇಲೇ ನಂಬಿಕೆ ಹೋಯಿತು.

ಮರುದಿನ ಅವಳು ಕುಂಡ ತೊಳೆಯುತ್ತಿದ್ದಾಗ ಮೇಸ್ತ್ರಿ ಬಂದ. ಕೈಯಲ್ಲಿ ಬೇರುಸಹಿತ ಕಿತ್ತ ಆ ನೇರಳೆ ಗಿಡ.

"ಇದರ ಗೆಡ್ಡೇಲಿ ಕತ್ತರಿಸಿದ ಗುರುತೇ ಇಲ್ಲ. ನೀನು ನೆಟ್ಟಿದ್ದಲ್ಲ ಇದು. ಬೀಜದಿಂದ ಹುಟ್ಟಿದ್ದು."

"ಬಿಳಿ ಹೂವಿನ ಬೀಜದಿಂದಾ?"

"ಬೀಜದ ಗಿಡಕ್ಕೆ ತಾಯಿ ಬಣ್ಣವೇ ಬರಬೇಕು ಅಂತೇನಿಲ್ಲ. ಹೂ ಬಿಡೋಕೆ ಮಾತ್ರ ಮೂರು ವರ್ಷ ಬೇಕು."

ಮೂರು ವರ್ಷದ ಹಿಂದೆ ಅವಳು ಈ ತೋಟಕ್ಕೇ ಬಂದಿರಲಿಲ್ಲ. ಬಾಡಿದ ಹೂಗಳನ್ನು ಬೀಜ ಕಟ್ಟುವ ಮೊದಲೇ ಕಿತ್ತುಹಾಕುವುದು ಆಗ ಅವನ ಕೆಲಸವಾಗಿತ್ತು.

"ನಡುವಿಗೆ ಕೈ ಎಟುಕಲ್ಲ ಅಂತ ಒಂದೆರಡು ಹಾಗೇ ಬಿಟ್ಟಿದ್ದೆ. ಸೋಮಾರಿತನ. ಡಾಕ್ಟರಮ್ಮನಿಗೆ ಎಲ್ಲಾ ಹೇಳಿಬಂದೆ. ನಿನ್ನ ಕೆಲಸಕ್ಕೆ ಏನೂ ಆಗಲ್ಲ."

"ನಿಮ್ಮದು?"

"ಹೋಯ್ತು. ಹೂವಿಗಲ್ಲ... ವಿಚಾರಿಸದೆ ನಿನ್ನ ಮೇಲೆ ಹೊರಿಸಿದ್ದಕ್ಕೆ."

ತನ್ನ ಕೆಲಸ ಯಾಕಾದರೂ ಉಳಿಯಿತೋ ಅನ್ನಿಸಿತು ಅವಳಿಗೆ. "ನಾನು ಹೋಗಿ ಕೇಳ್ಕೊಳ್ಲಾ?"

"ಬೇಡ. ಅವರು ಮಾಡಿದ್ದು ಸರಿ. ಪಾತಿ ನೋಡ್ಕೋ."

"ಪಾತಿ ನಾನು ನೋಡ್ಕೋತೀನಿ. ನನ್ನ ಯಾರು ನೋಡ್ಕೋತಾರೆ?"

ಎರಡು ವರ್ಷ ನುಂಗಿದ್ದ ಮಾತು ತಾನಾಗಿ ಹೊರಬಿದ್ದಿತ್ತು. ಅವನು ಗಿಡವನ್ನು ಮೆಲ್ಲಗೆ ಕೆಳಗಿಟ್ಟ.

"ಕೆಲಸ ಕಳ್ಕೊಂಡು ನಿಂತಿದೀನಿ. ಯಾವ ಮುಖ ಇಟ್ಕೊಂಡು ಏನಂತ ಹೇಳ್ಲಿ?"

"ನಾನಿದೀನಿ ಅನ್ನಿ. ಸಾಕು."

ಅವನ ಕಣ್ಣು ತುಂಬಿ ಬಂತು.

"ನಾನಿದೀನಿ."